ಇಪ್ಪತ್ತು ವರ್ಷ ನಿಂತ ಮಸಲ್ ಕಾರು: ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬಹುದೇ?

ಪ್ರಶ್ನೆ: ನಿವೃತ್ತಿಯ ನಂತರ ಮನೆಯಲ್ಲೇ ರಿಸ್ಟೋರ್ ಮಾಡೋಣವೆಂದು 1969ರ ಷೆವರ್ಲೆ ಕ್ಯಾಮರೊ ಎಸ್‌ಎಸ್ ಎಂಬ ಅಮೆರಿಕನ್ ಮಸಲ್ ಕಾರು (ಹೆಚ್ಚು ಶಕ್ತಿಯ ದೊಡ್ಡ ಇಂಜಿನ್ನಿನದು) ಕೊಂಡಿದ್ದೇನೆ. 350 ಘನ ಇಂಚಿನ ವಿ8 ಇಂಜಿನ್, ಅಂದರೆ ವಿ ಆಕಾರದ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್. ಇಪ್ಪತ್ತು ವರ್ಷ ಶೆಡ್ಡಿನಲ್ಲೇ ನಿಂತಿತ್ತಂತೆ, ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತಂತೆ. ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ ಒಮ್ಮೆ ಸೆಲ್ಫ್ ಹೊಡೆದು ನೋಡಬಹುದೇ?

ಉತ್ತರ: ಬೇಡ. ಸೆಲ್ಫ್ ಹೊಡೆಯುವುದು ಈ ಕೆಲಸದಲ್ಲಿ ಕೊನೆಗೆ ಬರುವಂಥದ್ದು. ಅದಕ್ಕೆ ಮೊದಲು ಒಂದೆರಡು ವಾರದ ನಿಧಾನದ ಕೆಲಸವಿದೆ. ಬಿಡುವಿರುವವರಿಗೆ ಅದು ಹೊರೆಯಲ್ಲ.

ಇಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಎಂಟು ಸಿಲಿಂಡರ್‌ಗಳ ಪೈಕಿ ಕೆಲವುಗಳಲ್ಲಿ ಒಂದು ವಾಲ್ವ್ ತೆರೆದೇ ಇರುತ್ತದೆ. ಕಾರ್ಬ್ಯುರೇಟರ್ ಕಡೆಯಿಂದಲೋ ಸೈಲೆನ್ಸರ್ ಕಡೆಯಿಂದಲೋ ತೇವದ ಗಾಳಿ ಒಳಗೆ ಹೋಗಿಬಂದು, ಪಿಸ್ಟನ್ ರಿಂಗ್ ಗೋಡೆಗೆ ತಾಗಿರುವ ಕಡೆ ತುಕ್ಕು ಕಟ್ಟುತ್ತದೆ. ರಿಂಗು, ಗೋಡೆ ಎರಡೂ ಕಚ್ಚಿಕೊಳ್ಳುತ್ತವೆ. ಸ್ಟಾರ್ಟರ್ ಮೋಟರಿನ ಪುಟ್ಟ ಗಿಯರ್ ಫ್ಲೈವೀಲಿನ ಹಲ್ಲುಗಳ ಮೂಲಕ ತಿರುಗಿಸುವ ಬಲ ಬಹಳ ದೊಡ್ಡದು. ಆ ಏಟಿಗೆ ಕಚ್ಚಿದ ರಿಂಗ್ ಮುರಿಯಬಹುದು, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆಯಬಹುದು. ಚೂರು ಗೋಡೆಯನ್ನು ಗೀರಿದರೆ ಬೋರ್ ಮಾಡಿಸದೆ (ಸಿಲಿಂಡರನ್ನು ಕೊರೆದು ಅಗಲ ಮಾಡಿಸದೆ) ವಿಧಿಯಿಲ್ಲ. 350ರ ಮೂಲ ಬೋರ್, ಅಂದರೆ ಸಿಲಿಂಡರಿನ ವ್ಯಾಸ, 4.000 ಇಂಚು. ಸಾಮಾನ್ಯವಾಗಿ ಮೊದಲು 0.030 ಇಂಚು ದೊಡ್ಡದು ಮಾಡುತ್ತಾರೆ, 0.060ರ ಆಚೆಗೆ ಹೋಗಲು ಗೋಡೆಯಲ್ಲಿ ಲೋಹವೇ ಸಾಲದಾಗುತ್ತದೆ. ಮೂಲ ಇಂಜಿನ್ನೇ ಇರುವ ಕಾರಿಗೆ ಇದು ದೊಡ್ಡ ನಷ್ಟ. ನಿಮ್ಮದು ಮೂಲ ಇಂಜಿನ್ನೇ ಎಂದು ತಿಳಿಯಲು, (ಚಾಲಕನ ಆಸನದಿಂದ ನೋಡಿದಂತೆ) ಬಲಗಡೆ ಸಿಲಿಂಡರ್ ಹೆಡ್ಡಿನ ಮುಂದೆ ಬ್ಲಾಕಿನ ಚಪ್ಪಟೆ ಜಾಗವನ್ನೂ ಆಯಿಲ್ ಫಿಲ್ಟರ್ ಪಕ್ಕದ ಜಾಗವನ್ನೂ ಒರೆಸಿ, ಅಲ್ಲಿ ಕೊರೆದ ಅಂಕಿಗಳನ್ನು ಕಾರಿನ ವಿಐಎನ್ (ವಾಹನದ ಗುರುತು ಸಂಖ್ಯೆ) ಜೊತೆ ಹೋಲಿಸಿ ಫೋಟೊ ತೆಗೆದಿಡಿ. ಮರಳುಕಾಗದದಿಂದ ಉಜ್ಜಬೇಡಿ, ಅಂಕಿ ಅಳಿಸುತ್ತದೆ.

ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲ್ ಖಾಲಿ ಮಾಡಿ. ಇದನ್ನು ಬಯಲಲ್ಲೇ ಮಾಡಬೇಕು. ಹತ್ತಿರದಲ್ಲಿ ಬೆಂಕಿ, ಗೀಸರ್, ಬಲ್ಬಿನ ಟ್ರಬಲ್ ಲೈಟ್ ಯಾವುದೂ ಇರಬಾರದು, ಎಬಿಸಿ ಮಾದರಿಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಏರ್ ಫಿಲ್ಟರ್ ಡಬ್ಬಿ ತೆಗೆದು ಇಲಿಗೂಡು ಇದೆಯೇ ನೋಡಿ. ಇಲಿ ತಂದು ತುಂಬಿದ ಹತ್ತಿ, ಕಾಳುಸಿಪ್ಪೆ ಒಳಗೆ ಎಳೆದುಕೊಂಡರೆ ವಾಲ್ವ್ ಕೆಳಗೆ ಸಿಕ್ಕಿಕೊಳ್ಳುತ್ತದೆ.

ಆಮೇಲೆ ಸ್ಪಾರ್ಕ್ ಪ್ಲಗ್‌ಗಳು. ಬುಡದ ಮಣ್ಣನ್ನು ಗಾಳಿ ಹೊಡೆದು ತೆಗೆದು ಎಂಟನ್ನೂ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಎಂದು ಗುರುತು ಮಾಡಿ ಸಾಲಾಗಿ ಇಡಿ. ತುಕ್ಕಿನ ಬಣ್ಣಕ್ಕೆ ತಿರುಗಿದ ಪ್ಲಗ್ ಎಲ್ಲಿಯದೋ, ತೊಂದರೆಯೂ ಅಲ್ಲೇ. ಫೋನಿಗೆ ಜೋಡಿಸುವ ತೆಳ್ಳನೆಯ ಬೋರ್‌ಸ್ಕೋಪ್ ಕ್ಯಾಮೆರಾ ಇದ್ದರೆ ಪ್ಲಗ್ ತೂತಿನಿಂದ ಗೋಡೆ ನೋಡಿ. ತೆಳು ಕಂದು ಬಣ್ಣ ಚಿಂತೆಯಲ್ಲ. ಹೊಪ್ಪಳಿಕೆ ಎದ್ದಂತೆ ದಪ್ಪ ತುಕ್ಕು ಕಂಡರೆ ಹೆಡ್ ಬಿಚ್ಚಿಯೇ ಮುಂದುವರಿಯಬೇಕು.

ಪ್ರತಿ ಸಿಲಿಂಡರಿಗೂ ಸುಮಾರು 30 ಎಂಎಲ್ ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿದು ಸಡಿಲಿಸುವ ತೆಳು ಎಣ್ಣೆ) ಅಥವಾ ಆಟೊಮ್ಯಾಟಿಕ್ ಗಿಯರ್‌ಬಾಕ್ಸಿನ ಎಣ್ಣೆಯಾದ ಎಟಿಎಫ್ ಹಾಕಿ. ಸುಮ್ಮನೆ ಸುರಿದರೆ ಅರ್ಧ ಕೆಲಸವೇ ಆಗುತ್ತದೆ. ವಿ8ನ ಎರಡೂ ಸಾಲು 45 ಡಿಗ್ರಿ ವಾಲಿರುವುದರಿಂದ ಎಣ್ಣೆಯೆಲ್ಲ ಪಿಸ್ಟನ್ನಿನ ತಗ್ಗಿನ ಅಂಚಿಗೆ ಹರಿದು ನಿಲ್ಲುತ್ತದೆ, ಮೇಲಿನ ಅಂಚು ಒಣಗೇ ಉಳಿಯುತ್ತದೆ. ತುದಿ ಬಗ್ಗಿಸಿದ ನಳಿಕೆಯಿಂದ ಮೇಲಿನ ಅಂಚಿಗೂ ಚಿಮ್ಮಿಸಿ, ದಿನಕ್ಕೊಮ್ಮೆ ಹಾಗೆಯೇ ಮಾಡುತ್ತಾ ಕನಿಷ್ಠ ಮೂರು ದಿನ, ಗಟ್ಟಿ ಎನಿಸಿದರೆ ವಾರ ಬಿಡಿ.

ಈಗ ಕೈಯಿಂದ ತಿರುಗಿಸಿ ನೋಡಿ. ಗಿಯರ್ ನ್ಯೂಟ್ರಲ್, ಚಕ್ರಗಳಿಗೆ ಅಡ್ಡ, ಬ್ಯಾಟರಿ ಕಳಚಿರಬೇಕು. ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟಿನ) ಮುಂದಿನ ತುದಿಯಲ್ಲಿ ಬೋಲ್ಟ್ ಇದ್ದರೆ ಅದಕ್ಕೆ ಉದ್ದ ಹಿಡಿಯ ಬ್ರೇಕರ್ ಬಾರ್ ಹಾಕಿ. 350 ಸೇರುವ ಸ್ಮಾಲ್ ಬ್ಲಾಕ್ ಎಂಬ ಚಿಕ್ಕ ವಿ8 ವರ್ಗದ ಆ ಕಾಲದ ಕೆಲವು ಇಂಜಿನ್‌ಗಳಲ್ಲಿ ಬೋಲ್ಟೇ ಇರುವುದಿಲ್ಲ, ಆಗ ಫ್ಲೈವೀಲ್ ತಿರುಗಿಸುವ ಟೂಲ್ ಬೇಕು. ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು. ಒಂದು ಕೈಯ ಬಲಕ್ಕೆ ಮಿಸುಕದಿದ್ದರೆ ಪೈಪು ತೂರಿಸಿ ಹಿಡಿ ಉದ್ದ ಮಾಡಬೇಡಿ. ಇನ್ನಷ್ಟು ಎಣ್ಣೆ, ಇನ್ನೊಂದು ವಾರ. ಒಂದು ಎಳೆ ಅಲುಗಿದರೂ ಗೆದ್ದಂತೆ: ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಆಡಿಸುತ್ತಾ ಹೋದರೆ ತುಕ್ಕು ಪುಡಿಯಾಗಿ ಜಾಗ ಬಿಡುತ್ತದೆ. ಪೂರ್ತಿ ಎರಡು ಸುತ್ತು ಸರಾಗವಾಗಿ ಬಂದಮೇಲೆ ಮುಂದಕ್ಕೆ.

ಕೈಗೆ ತಿರುಗಿತೆಂದು ವಾಲ್ವ್ ಕವರ್ ಬಿಚ್ಚದೆ ಮುಂದುವರಿಯುವವರೇ ಹೆಚ್ಚು. ವಾಲ್ವ್‌ನ ಕಾಂಡ ಗೈಡಿನಲ್ಲಿ ಅಂಟಿದ್ದರೆ ತೆರೆದ ವಾಲ್ವ್ ಮುಚ್ಚುವುದಿಲ್ಲ, ಪಿಸ್ಟನ್ ಬಂದು ಗುದ್ದುತ್ತದೆ. ಮುಚ್ಚಿದ್ದು ತೆರೆಯದಿದ್ದರೆ ಅದನ್ನು ತಳ್ಳುವ ಕಂಬಿ, ಪುಷ್‌ರಾಡ್, ಬಾಗುತ್ತದೆ. ಒಬ್ಬರು ಕ್ರ್ಯಾಂಕ್ ತಿರುಗಿಸುವಾಗ ಇನ್ನೊಬ್ಬರು ಹದಿನಾರು ವಾಲ್ವ್‌ಗಳೂ ತಮ್ಮ ತಮ್ಮ ಸರದಿಯಲ್ಲಿ ಸರಾಗವಾಗಿ ಏರಿಳಿಯುತ್ತವೆಯೇ ನೋಡಬೇಕು. ಹಿಂದುಳಿದ ವಾಲ್ವ್‌ನ ಕಾಂಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಆ ಸಿಲಿಂಡರಿನ ಪಿಸ್ಟನ್ ಕೆಳಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಆಯಿಲ್, ಫಿಲ್ಟರ್ ಬದಲಿಸಿ. ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಹಿಡಿಯುತ್ತದೆ. ಇಳಿಸಿದ ಆಯಿಲ್ ಹಾಲು ಬೆರೆತಂತಿದ್ದರೆ ನೀರು ಸೇರಿದೆ, ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಿ. ಈ ಇಂಜಿನ್ನಿನಲ್ಲಿರುವುದು ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್, ಅಂದರೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟಿನ ಮೇಲೆ ಚಪ್ಪಟೆ ತಳದ ಟ್ಯಾಪೆಟ್ ಉಜ್ಜಿಕೊಂಡೇ ಚಲಿಸುತ್ತದೆ. ಹೊಸ ಪೆಟ್ರೋಲ್ ಕಾರುಗಳ ಆಯಿಲ್‌ಗಳಲ್ಲಿ ಅದಕ್ಕೆ ಬೇಕಾದ ಸತು-ರಂಜಕದ ಸಂಯುಕ್ತ (ಜಡ್‌ಡಿಡಿಪಿ) ಕಡಿಮೆಯಾಗಿರುವುದರಿಂದ, ಡಬ್ಬಿಯ ಮೇಲೆ ಜಡ್‌ಡಿಡಿಪಿ ಹೆಚ್ಚಿರುವುದಾಗಿ ಬರೆದ, ಹಳೆಯ ಇಂಜಿನ್‌ಗಳ ಆಯಿಲ್ಲನ್ನೇ ಕೊಳ್ಳಿ.

ಆಯಿಲ್ ಹಾಕಿದರೆ ಸಾಲದು, ಬೇರಿಂಗ್‌ಗಳಿಗೆ ತಲುಪಿಸಬೇಕು. ಇಷ್ಟು ವರ್ಷದಲ್ಲಿ ಅವು ಒಣಗಿವೆ. ಷೆವಿಯಲ್ಲಿ (ಷೆವರ್ಲೆಯಲ್ಲಿ) ಆಯಿಲ್ ಪಂಪನ್ನು ಓಡಿಸುವುದು, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ತುದಿ. ಒಂದನೇ ಸಿಲಿಂಡರನ್ನು ಕಂಪ್ರೆಶನ್‌ನ ಮೇಲ್ತುದಿಗೆ (ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ತುದಿಗೇರಿದ ಸ್ಥಿತಿಗೆ) ತಂದು, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುವ ರೋಟರ್ ಯಾವ ಕಡೆ ನೋಡುತ್ತಿದೆ, ಡಿಸ್ಟ್ರಿಬ್ಯೂಟರ್ ಹೇಗೆ ಕೂತಿದೆ ಎರಡಕ್ಕೂ ಗುರುತು ಹಾಕಿ ಹೊರತೆಗೆಯಿರಿ. ಅದರ ಜಾಗಕ್ಕೆ ಪ್ರೈಮಿಂಗ್ ಟೂಲ್ ಇಳಿಸಿ, ಡ್ರಿಲ್ಲಿನಿಂದ ಗಡಿಯಾರದ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಸ್ಮಾಲ್ ಬ್ಲಾಕ್ ಫೋರ್ಡ್‌ಗಳಾದರೆ ದಿಕ್ಕು ಉಲ್ಟಾ. ಬರೀ ಕಂಬಿಯಂಥ ಟೂಲ್ ಷೆವಿಗೆ ಆಗದು: ಬಲಸಾಲಿನ ಆಯಿಲ್ ದಾರಿ ಡಿಸ್ಟ್ರಿಬ್ಯೂಟರ್ ತೂತಿನ ಮೂಲಕವೇ ಹಾಯುವುದರಿಂದ, ತೂತನ್ನು ತುಂಬುವ ಕಾಲರ್ ಇರುವ ಟೂಲ್ ಬೇಕು. ಇಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿ ಮೇಲಕ್ಕೆ ಏರುವುದಿಲ್ಲ. ಮೊದಲು ಡ್ರಿಲ್ ಹಗುರವಾಗಿ ತಿರುಗುತ್ತದೆ. ಪಂಪ್ ಆಯಿಲ್ ಹಿಡಿದ ಕ್ಷಣ ತಟ್ಟನೆ ಭಾರವಾಗಿ ಮಣಿಕಟ್ಟು ತಿರುಚುತ್ತದೆ. ಪಕ್ಕದ ಹಿಡಿಯಿರುವ ಡ್ರಿಲ್ಲನ್ನೇ ಬಳಸಿ, ಎರಡೂ ಕೈಯಲ್ಲಿ ಹಿಡಿಯಿರಿ. ನಡುವೆ ಕ್ರ್ಯಾಂಕನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ, ವಾಲ್ವ್ ಒತ್ತುವ ಹದಿನಾರು ರಾಕರ್‌ಗಳಲ್ಲೂ ಆಯಿಲ್ ಒಸರುವವರೆಗೆ ಮುಂದುವರಿಸಿ.

ಮತ್ತೆ ಒಂದನೇ ಸಿಲಿಂಡರನ್ನು ಕಂಪ್ರೆಶನ್‌ನ ಮೇಲ್ತುದಿಗೆ ತಂದು ಡಿಸ್ಟ್ರಿಬ್ಯೂಟರ್ ಕೂರಿಸುವಾಗ ಅದು ಸ್ವಲ್ಪ ಮೇಲೆಯೇ ನಿಂತರೆ, ಪಂಪಿನ ಶಾಫ್ಟ್ ಸೀಳಿಗೆ ಕೂಡಿಲ್ಲ ಎಂದರ್ಥ. ಕ್ಲ್ಯಾಂಪ್ ಬಿಗಿದು ಕೆಳಕ್ಕೆ ಎಳೆಯಬೇಡಿ, ಬುಡ ಒಡೆಯುತ್ತದೆ. ಉದ್ದ ಸ್ಕ್ರೂಡ್ರೈವರಿನಿಂದ ಶಾಫ್ಟನ್ನು ಕೊಂಚ ತಿರುಗಿಸಿ ಮತ್ತೆ ಇಳಿಸಿ. ಡಿಸ್ಟ್ರಿಬ್ಯೂಟರ್ ಒಳಗಿನ ಕಾಂಟ್ಯಾಕ್ಟ್ ಪಾಯಿಂಟ್ (ಕಿಡಿಯ ವಿದ್ಯುತ್ತನ್ನು ಕಡಿದು ಕೂಡಿಸುವ ಭಾಗ) ಹೊಸದಾದರೆ ಗ್ಯಾಪ್ 0.019 ಇಂಚು, ಹಳೆಯದಾದರೆ 0.016, ಪ್ಲಗ್ ಗ್ಯಾಪ್ 0.035. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-8-4-3-6-5-7-2. ಇದರಲ್ಲಿ 5, 7 ಒಂದರ ಹಿಂದೊಂದು ಉರಿಯುವ ಅಕ್ಕಪಕ್ಕದ ಸಿಲಿಂಡರ್‌ಗಳು. ಅವುಗಳ ವೈರ್ ಒಂದಕ್ಕೊಂದು ತಾಗಿ ಹೋದರೆ ಕಿಡಿ ಹಾರಿ ಇಂಜಿನ್ ಒದೆಯುತ್ತದೆ, ದೂರ ದೂರ ಕಟ್ಟಿ. ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್‌ಗೆ ಬ್ಯಾಟರಿಯಿಂದ ನೇರ ವೈರ್ ಎಳೆದು ಓಡಿಸಬೇಡಿ. ಮೂಲ ವೈರಿಂಗಿನಲ್ಲಿ ವೋಲ್ಟೇಜ್ ಇಳಿಸುವ ರೆಸಿಸ್ಟೆನ್ಸ್ ವೈರ್ ಇದೆ, ಅದನ್ನು ತಪ್ಪಿಸಿದರೆ ಪಾಯಿಂಟ್ ಸುಟ್ಟುಹೋಗುತ್ತದೆ.

ಪೆಟ್ರೋಲ್ ಪೈಪಿನ ರಬ್ಬರ್ ತುಂಡುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ. ಮೆಕ್ಯಾನಿಕಲ್ ಪಂಪನ್ನೂ ಹೊಸದೇ ಹಾಕಿ: ಹಳೆಯ ಡಯಾಫ್ರಮ್ ಹರಿದರೆ ಪೆಟ್ರೋಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿದು ಆಯಿಲ್ಲನ್ನು ತೆಳ್ಳಗೆ ಮಾಡಿ ಬೇರಿಂಗ್ ತಿನ್ನುತ್ತದೆ. ಈ ಕಾರಿನ ಕ್ವಾಡ್ರಾಜೆಟ್ ಮಾದರಿಯ ಕಾರ್ಬ್ಯುರೇಟರ್ ಬಿಚ್ಚಿ ತೊಳೆದು ರಿಪೇರಿ ಕಿಟ್ ಹಾಕುವಾಗ, ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನೂ ಬದಲಿಸಿ. ಅದರ ಫೋಮ್ ವರ್ಷಗಳಲ್ಲಿ ಪೆಟ್ರೋಲ್ ಹೀರಿ ಭಾರವಾಗಿ ಮುಳುಗುತ್ತದೆ, ಆಗ ಪೆಟ್ರೋಲ್ ಉಕ್ಕುತ್ತದೆ. ಮೊದಲ ಓಟಕ್ಕೆ ಕಾರಿನ ಟ್ಯಾಂಕ್ ಬೇಡ. ಬಿಸಿ ಪೈಪುಗಳಿಂದ ದೂರವಿಟ್ಟ 5 ಲೀಟರಿನ ಪೆಟ್ರೋಲ್ ಕ್ಯಾನಿನಿಂದ ಎಳೆಯಲಿ. ರೇಡಿಯೇಟರಿಗೂ ಸದ್ಯ ಬರೀ ನೀರು ಸಾಕು. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಅರ್ಧಕ್ಕರ್ಧ ಕೂಲೆಂಟ್.

ಕಾರನ್ನು ಶೆಡ್ಡಿನಿಂದ ಪೂರ್ತಿ ಹೊರಗೆ ತಳ್ಳಿ. ಬಾಗಿಲು ತೆಗೆದಿಟ್ಟರೂ ಒಳಗೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಪ್ಲಗ್ ಹಾಕುವ ಮುನ್ನ ತೂತುಗಳ ಮೇಲೆ ಬಟ್ಟೆ ಹೊದಿಸಿ, ಕಾಯಿಲ್ ವೈರ್ ಕಳಚಿ ಸೆಲ್ಫ್ ಹೊಡೆಯಿರಿ. ಸಿಲಿಂಡರಿನಲ್ಲಿ ಉಳಿದ ಎಣ್ಣೆ ಹೊರಗೆ ಚಿಮ್ಮಬೇಕು. ಅದರ ಮೇಲೆ ಪ್ಲಗ್ ಬಿಗಿದರೆ ದ್ರವ ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅನಂತರ ಪ್ಲಗ್ ಹಾಕಿ, ಫ್ಲೋಟ್ ಬೌಲಿಗೆ ವೆಂಟ್ ನಳಿಕೆಯಿಂದ ಸ್ವಲ್ಪ ಪೆಟ್ರೋಲ್ ಬಿಟ್ಟು, ಏರ್ ಫಿಲ್ಟರ್ ಡಬ್ಬಿ ಕೂರಿಸಿಯೇ ಸ್ಟಾರ್ಟ್ ಮಾಡಿ. ತೆರೆದ ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಸುವುದು ಮುಖ ಸುಟ್ಟುಕೊಳ್ಳುವ ದಾರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದೆರಡು ನಿಮಿಷ ಬಿಡಿ. ಹತ್ತಿದ ಕೂಡಲೇ ರೇಸ್ ಕೊಡದೆ ಆಯಿಲ್ ಪ್ರೆಶರ್ ಮುಳ್ಳು ನೋಡಿ. ಕೆಲವೇ ಸೆಕೆಂಡಿನಲ್ಲಿ ಏಳದಿದ್ದರೆ ಆಫ್ ಮಾಡಿ. ಮೊದಲ ಕೆಲವು ನಿಮಿಷ ನೀಲಿ-ಬಿಳಿ ಹೊಗೆ ಬರುವುದು ನೆನೆಹಾಕಿದ ಎಣ್ಣೆಯದು.

ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಅಳೆಯಿರಿ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ 75ಕ್ಕಿಂತ ಮೇಲಿದ್ದರೆ ಇಂಜಿನ್ ಕೆಳಗಿಳಿಸುವ ಅಗತ್ಯವಿಲ್ಲ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡು ಒಟ್ಟಿಗೇ ಕಡಿಮೆಯಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯವಿರಲಿ. ರಿಂಗ್ ಎಂದು ಕಂಡುಬಂದರೂ ಅವಸರಪಟ್ಟು ಇಂಜಿನ್ ಇಳಿಸಬೇಡಿ. ಆಯಿಲ್ ಬಿಸಿಯಿರುವಾಗಲೇ ಇಳಿಸಿ ಹೊಸದು ಹಾಕಿ, ಕೆಲವು ಸಲ ಓಡಿಸಿ ಮತ್ತೆ ಅಳೆಯಿರಿ. ತೋಡಿನಲ್ಲಿ ಅಂಟಿದ್ದ ರಿಂಗ್‌ಗಳು ಬಿಸಿ ಆಯಿಲ್‌ಗೆ ಬಿಟ್ಟುಕೊಂಡು ಅಂಕಿ ಮೇಲೇರುವುದು ಅಪರೂಪವೇನಲ್ಲ.