ನಿದ್ದೆ ಮಾಡಿದರೂ ಹೋಗದ ಫೌಜಿಯ ದಣಿವು

ಹುಬ್ಬಳ್ಳಿಯ ಆಸ್ಪತ್ರೆಗಳ ಹೊರರೋಗಿ ವಿಭಾಗದ ಬೆಂಚುಗಳಲ್ಲಿ ಇಂಥ ಮಾಜಿ ಸೈನಿಕರು ಆಗಾಗ ಕಾಣಸಿಗುತ್ತಾರೆ. ವಯಸ್ಸು ನಲವತ್ತರ ಆಸುಪಾಸು. ಬೆನ್ನು ನೆಟ್ಟಗೆ ಮಾಡಿ ಕೂರುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಕೈಯಲ್ಲಿ ರಕ್ತಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಸೇರಿದ ದಪ್ಪ ಫೈಲು. ಹದಿನೈದಿಪ್ಪತ್ತು ವರ್ಷ ಸೈನ್ಯದಲ್ಲಿದ್ದು ಹಾವೇರಿ, ನವಲಗುಂದ, ರೋಣದ ಕಡೆಯ ಊರುಗಳಿಗೆ ಮರಳಿದವರು. ‘ರಿಪೋರ್ಟ್ ಎಲ್ಲಾ ನಾರ್ಮಲ್ ಅದಾವ್ರಿ, ಟೆನ್ಷನ್ ಮಾಡ್ಕೋಬ್ಯಾಡ್ರಿ’ ಎಂಬ ಮಾತು ಕೇಳಿಸಿಕೊಂಡು ಬಸ್ ಹತ್ತುತ್ತಾರೆ. ಊರಿನಲ್ಲಿ ಬೇರೆಯದೇ ಮಾತು ಕಾದಿರುತ್ತದೆ: ‘ಮಿಲ್ಟ್ರಿಯಾಗಿದ್ದು ಬಂದಾವ, ಎರಡು ಸಾಲು ಕಳೆ ತೆಗಿಯೂದ್ರಾಗ ಕುಂತಬಿಟ್ನಲ್ಲ!’

ಈ ಎರಡೂ ಮಾತು ಅನ್ಯಾಯದವು ಎಂದು ನನಗೆ ಅನಿಸುತ್ತದೆ. ರಿಪೋರ್ಟಿನಲ್ಲಿ ಏನೂ ಕಾಣಲಿಲ್ಲ ಎಂದರೆ, ನಾವು ಮಾಡಿಸಿದ ಪರೀಕ್ಷೆಗಳಿಗೆ ದಣಿವಿನ ಕಾರಣ ಸಿಕ್ಕಲಿಲ್ಲ ಎಂದಷ್ಟೇ ಅರ್ಥ.

ಯುದ್ಧಕ್ಕೆ ಹೋಗಿ ಬಂದವರ ವಿವರಿಸಲಾಗದ ದಣಿವು ವೈದ್ಯರಿಗೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರನ್ನು ಪರೀಕ್ಷಿಸಿದ್ದ ಜೇಕಬ್ ಡಾ ಕಾಸ್ಟಾ ಎಂಬ ವೈದ್ಯ 1871ರಲ್ಲಿ ಸುಮಾರು 300 ಜನರ ಲಕ್ಷಣಗಳನ್ನು ಬರೆದಿಟ್ಟ. ಎದೆ ಡವಗುಟ್ಟುವುದು, ಏದುಸಿರು, ಎದೆನೋವು, ಸ್ವಲ್ಪ ನಡೆದರೂ ಸುಸ್ತು. ಆದರೆ ಹೃದಯದಲ್ಲಿ ಕಾಣುವಂಥ ದೋಷವಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್ ಇದನ್ನೇ ಸಾವಿರಾರು ಸೈನಿಕರಲ್ಲಿ ಕಂಡರು. ಕಾಣುವ ದೋಷ ಇಲ್ಲದ್ದರಿಂದ ಅನೇಕರಿಗೆ ಅಂಜುಬುರುಕರೆಂಬ ಹೆಸರು ಬಂತು.

ಈ ಗ್ರಹಿಕೆಯನ್ನು ದೊಡ್ಡದಾಗಿ ಅಲುಗಾಡಿಸಿದ್ದು 1991ರ ಕೊಲ್ಲಿ ಯುದ್ಧ. ಸುಮಾರು 7 ಲಕ್ಷ ಅಮೆರಿಕನ್ ಸೈನಿಕರು ಆ ಯುದ್ಧಕ್ಕೆ ಹೋಗಿದ್ದರು. ಅವರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಿಗೆ ವರ್ಷಗಟ್ಟಲೆ ದಣಿವು, ಮೈಕೈ ನೋವು, ಮರೆವು, ನಿದ್ರಾಭಂಗ, ಹೊಟ್ಟೆಯ ತೊಂದರೆ ಉಳಿದವು. ಮೊದಲು ಇದನ್ನು ಒತ್ತಡದ ಖಾತೆಗೆ ಬರೆಯಲಾಯಿತು. 2008ರಲ್ಲಿ ಅಮೆರಿಕ ಸರ್ಕಾರದ ಸಲಹಾ ಸಮಿತಿಯೊಂದು ಬೇರೆ ಎರಡು ಕಾರಣಗಳತ್ತ ಬೆರಳು ತೋರಿಸಿತು: ವಿಷಾನಿಲದಿಂದ ರಕ್ಷಣೆಗೆಂದು ನುಂಗಿಸಿದ ಪಿರಿಡೋಸ್ಟಿಗ್ಮಿನ್ ಮಾತ್ರೆ ಮತ್ತು ಕೀಟನಾಶಕಗಳು. 1991ರ ಮಾರ್ಚ್‌ನಲ್ಲಿ ಇರಾಕಿನ ಖಮೀಸಿಯಾದಲ್ಲಿ ಮದ್ದುಗುಂಡಿನ ಉಗ್ರಾಣವನ್ನು ಸ್ಫೋಟಿಸಿದಾಗ ಅದರೊಳಗಿದ್ದ ಸಾರಿನ್ ಎಂಬ ವಿಷವೂ ಗಾಳಿಗೆ ಸೇರಿತ್ತು. ಸಾರಿನ್ ಪಾತ್ರದ ಬಗ್ಗೆ ಗಟ್ಟಿ ಸುಳಿವು ಸಿಕ್ಕಿದ್ದು 2022ರಲ್ಲಿ. ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರ ಅಧ್ಯಯನವೊಂದು, ಈ ವಿಷವನ್ನು ಒಡೆಯುವ ಪಿಒಎನ್1 ಜೀನಿನ ದುರ್ಬಲ ರೂಪ ಇದ್ದವರಲ್ಲಿ ಸಾರಿನ್ ಸೋಂಕಿದಾಗ ಕಾಯಿಲೆಯ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂದು ತೋರಿಸಿತು. ಒಂದೇ ಗಾಳಿ ಉಸಿರಾಡಿದ ಇಬ್ಬರಲ್ಲಿ ಒಬ್ಬ ಆರಾಮಿದ್ದು ಇನ್ನೊಬ್ಬ ಹಾಸಿಗೆ ಹಿಡಿಯುವುದಕ್ಕೆ ಧೈರ್ಯ, ಹೇಡಿತನ ಕಾರಣವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಿರಿಡೋಸ್ಟಿಗ್ಮಿನ್, ಸಾರಿನ್, ಆರ್ಗನೋಫಾಸ್ಫೇಟ್ ಕೀಟನಾಶಕ ಮೂರೂ ಹಿಡಿಯುವುದು ಅಸಿಟೈಲ್‌ಕೊಲಿನೆಸ್ಟರೇಸ್ ಎಂಬ ಒಂದೇ ಕಿಣ್ವವನ್ನು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ರಾಸಾಯನಿಕವನ್ನು ಕೆಲಸ ಮುಗಿದ ಕೂಡಲೇ ಅಳಿಸಿಹಾಕುವುದು ಈ ಕಿಣ್ವದ ಕೆಲಸ. ಅದು ನಿಂತರೆ ನರಗಳಿಗೆ ವಿಶ್ರಾಂತಿಯೇ ಇರುವುದಿಲ್ಲ. ಇಲ್ಲಿ ನನಗೆ ನಮ್ಮ ಹೊಲಗಳು ನೆನಪಾಗುತ್ತವೆ. ನಮ್ಮ ಜವಾನರು ಆ ಯುದ್ಧಕ್ಕೆ ಹೋದವರಲ್ಲ. ಆದರೆ ನಿವೃತ್ತರಾಗಿ ಬಂದು ಬ್ಯಾಡಗಿ ಮೆಣಸಿನಕಾಯಿಗೋ ಹತ್ತಿಗೋ ‘ಎಣ್ಣಿ ಹೊಡಿಯುವಾಗ’ ಪಂಪಿನಲ್ಲಿರುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಅದೇ ಗುಂಪಿನವು. ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡು ಹೊಡೆಯುವವರೇ ಹೆಚ್ಚು. ನರದ ತೊಂದರೆ ಮೊದಲೇ ಇದ್ದವರು ಈ ಕೆಲಸವನ್ನು ಬಿಡುವುದೇ ಲೇಸು.

ನಮ್ಮ ಸೈನಿಕರ ಮಟ್ಟಿಗೆ ಮುಖ್ಯವಾದದ್ದು ಚಳಿ. ಸಿಯಾಚಿನ್ ಹೆಸರನ್ನು ಧಾರವಾಡ ಜಿಲ್ಲೆ ಮರೆಯುವುದಿಲ್ಲ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಅಲ್ಲಿ ಹಿಮದಡಿ ಆರು ದಿನ ಜೀವ ಹಿಡಿದು, ಬಳಿಕ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ನಾಡು ಅವರಿಗಾಗಿ ಕೈಮುಗಿದು ಕಾದಿತ್ತು. ಅಂಥದೇ ಎತ್ತರದ ಪೋಸ್ಟುಗಳಲ್ಲಿ ಇದ್ದು ತಮ್ಮ ಕಾಲ ಮೇಲೆ ತಾವೇ ನಡೆದು ಬಂದವರ ಕಾಲುಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಹಿಮ ಕಚ್ಚಿದರೆ ಬೆರಳು ಕಪ್ಪಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಹೆಪ್ಪುಗಟ್ಟುವಷ್ಟು ಅಲ್ಲದ ಚಳಿಯಲ್ಲಿ ಒದ್ದೆ ಬೂಟಿನಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ನಿಂತರೂ ಪಾದದ ನರಗಳು ಹಾಳಾಗಬಹುದು, ಹೊರಗೆ ಕಲೆಯೂ ಉಳಿಯದಿರಬಹುದು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಇದರಿಂದ ಬಹಳ ನರಳಿದರು. ಇಂಥ ರೋಗಿಗಳ ಚರ್ಮದ ಚೂರು ತೆಗೆದು ನೋಡಿದ 2017ರ ಬ್ರಿಟಿಷ್ ಅಧ್ಯಯನದಲ್ಲಿ ಸಣ್ಣ ನರತಂತುಗಳು ಕಡಿಮೆಯಾಗಿದ್ದು ಕಂಡಿತು. ಉರಿ, ಜೋಮು, ಚಳಿ ಸೋಕಿದರೆ ನೋವು, ಬೆವರಿನ ಏರುಪೇರು ಎಷ್ಟೋ ವರ್ಷ ಉಳಿಯಬಹುದು.

ರಿಪೋರ್ಟು ನಾರ್ಮಲ್ ಬರುವ ಗುಟ್ಟು ಈ ಸಣ್ಣ ನರತಂತುಗಳಲ್ಲೇ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾಡಿಸುವ ನರಗಳ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳ ವೇಗವನ್ನು. ನೋವು, ಬಿಸಿ, ತಂಪು ತಿಳಿಸುವ, ಬೆವರು, ರಕ್ತನಾಳ, ಹೃದಯದ ಬಡಿತವನ್ನು ನಮಗೆ ಗೊತ್ತಿಲ್ಲದಂತೆ ನಡೆಸುವ ತೆಳು ನರತಂತುಗಳು ಆ ಪರೀಕ್ಷೆಗೆ ಸಿಗುವುದಿಲ್ಲ. ಅವು ಹದಗೆಟ್ಟರೆ ಎದ್ದು ನಿಂತಾಗ ರಕ್ತ ಕಾಲಿನಲ್ಲೇ ಉಳಿಯುತ್ತದೆ, ಮಿದುಳಿಗೆ ಸಾಲುವುದಿಲ್ಲ, ಹೃದಯ ಓಡತೊಡಗುತ್ತದೆ. ತಲೆ ಗಿಮ್ಮೆನ್ನುವುದು, ಮಂಕು ಕವಿಯುವುದು, ಸ್ನಾನ ಮಾಡಿದರೂ ಸುಸ್ತಾಗುವುದಕ್ಕೆ ಇದೊಂದು ಕಾರಣ.

ಇದನ್ನು ನೋಡಲು ಲಕ್ಷಾಂತರ ರೂಪಾಯಿಯ ಯಂತ್ರ ಬೇಡ. ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡುವುದು; ಆಮೇಲೆ ಗೋಡೆಗೊರಗಿ ಹತ್ತು ನಿಮಿಷ ನಿಲ್ಲಿಸಿ ನಿಮಿಷಕ್ಕೊಮ್ಮೆ ನೋಡುವುದು. ಬಿಪಿ ಇಳಿಯದೆಯೂ ನಾಡಿ ಮಲಗಿದ್ದಾಗ ಇದ್ದದ್ದಕ್ಕಿಂತ ನಿಮಿಷಕ್ಕೆ 30 ಬಡಿತಕ್ಕೂ ಹೆಚ್ಚು ಏರಿ ಹಾಗೇ ಉಳಿದರೆ, ಇಲ್ಲವೇ ಮೇಲಿನ ಬಿಪಿ 20ರಷ್ಟು ಇಳಿದರೆ, ವೈದ್ಯರು ಮುಂದೆ ಹುಡುಕಲು ಸುಳಿವು ಸಿಕ್ಕಂತೆ. ಪಕ್ಕದಲ್ಲಿ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

ಹಾಗೆಂದು ಪ್ರತಿ ದಣಿವನ್ನೂ ಯುದ್ಧಕ್ಕೆ ಕಟ್ಟಬಾರದು. ಬಿ12 ಕೊರತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ರಕ್ತಹೀನತೆ, ಗೊರಕೆಯೊಡನೆ ಉಸಿರು ನಿಲ್ಲುವ ನಿದ್ರಾದೋಷ ಇವನ್ನೆಲ್ಲ ಮೊದಲು ನೋಡಬೇಕು. ಇವಕ್ಕೆ ಚಿಕಿತ್ಸೆ ಇದೆ. ಮಿಲಿಟರಿ ಕ್ಯಾಂಟೀನಿನ ರಮ್ ಬಗ್ಗೆಯೂ ಹೇಳದೆ ಇರಲಾರೆ. ನಿದ್ದೆಗೆಂದು ಶುರುವಾದ ಕುಡಿತ ಆಳವಾದ ನಿದ್ದೆಯನ್ನೇ ಕೆಡಿಸುತ್ತದೆ, ಕಾಲಿನ ನರಗಳನ್ನು ತಾನಾಗಿಯೇ ಸುಡುತ್ತದೆ. ರಾತ್ರಿ ಬೆಚ್ಚಿ ಏಳುವುದು, ಪಟಾಕಿ ಸದ್ದಿಗೆ ಮೈ ನಡುಗುವುದು ಇದ್ದರೆ ಅದು ಆಘಾತದ ನಂತರದ ಮಾನಸಿಕ ಕಾಯಿಲೆ ಇರಬಹುದು. 1980ರಲ್ಲಿ ವೈದ್ಯಶಾಸ್ತ್ರ ಅದನ್ನು ಅಧಿಕೃತವಾಗಿ ಒಪ್ಪಿದೆ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮ್ಮ ಕೈಗೆಟಕುವಲ್ಲೇ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಮನಸ್ಸು, ನರ ಎರಡೂ ಒಟ್ಟಿಗೆ ಕೆಟ್ಟಿರುವುದೂ ಉಂಟು. ಒಂದನ್ನು ಒಪ್ಪಿದರೆ ಇನ್ನೊಂದು ಸುಳ್ಳಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ನಾವು ಕೊಡುವ ಪುಕ್ಕಟೆ ಸಲಹೆ: ‘ಬೆಳಿಗ್ಗೆದ್ದು ಓಡೋ ಮಾರಾಯ, ಎಲ್ಲಾ ಸರಿ ಹೊಕ್ಕೈತಿ.’ ಬರೀ ಆಲಸ್ಯಕ್ಕೆ, ಕೆಲವರ ಖಿನ್ನತೆಗೆ ಓಟ ಒಳ್ಳೆಯ ಔಷಧ. ಆದರೆ ದೀರ್ಘಕಾಲದ ದಣಿವಿನ ಕಾಯಿಲೆಯ ಮುಖ್ಯ ಗುರುತೇ, ಶ್ರಮ ಪಟ್ಟ ಮೇಲೆ ಕೆಲ ಗಂಟೆ ಅಥವಾ ಒಂದೆರಡು ದಿನ ಬಿಟ್ಟು ಎಲ್ಲ ಲಕ್ಷಣಗಳೂ ಉಲ್ಬಣಿಸುವುದು. 2015ರಲ್ಲಿ ಅಮೆರಿಕದ ವೈದ್ಯಕೀಯ ಅಕಾಡೆಮಿ ರೋಗ ಗುರುತಿಸಲು ಇದನ್ನು ಕಡ್ಡಾಯ ಲಕ್ಷಣವನ್ನಾಗಿ ಮಾಡಿತು. 2021ರಲ್ಲಿ ಬ್ರಿಟನ್ನಿನಲ್ಲಿ ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ, ದಿನದಿನಕ್ಕೆ ವ್ಯಾಯಾಮ ಹೆಚ್ಚಿಸುತ್ತಾ ಹೋಗುವ ಚಿಕಿತ್ಸೆಯನ್ನು ಇಂಥವರಿಗೆ ಕೊಡಬೇಡಿ ಎಂದಿತು. ಗದಗಿನ ಕಡೆ ನೀರು ಇಳಿದ ಬೋರ್‌ವೆಲ್ ಹೀಗೇ ಅಲ್ಲವೆ: ಬಿಟ್ಟು ಬಿಟ್ಟು ಎತ್ತಿದರೆ ದಿನವಿಡೀ ಒಂದಿಷ್ಟು ಕೊಡುತ್ತದೆ, ಒಂದೇ ಸಮನೆ ಎತ್ತಿದರೆ ಮೋಟರೇ ಸುಡುತ್ತದೆ.

ದಣಿವನ್ನು ಲೆಕ್ಕಕ್ಕೆ ತಗೊಳ್ಳದೆ ಮುಂದೆ ಹೋಗುವುದನ್ನೇ ಸೈನ್ಯ ಕಲಿಸಿದೆ. ಭರ್ತಿಯ ದಿನದ 1.6 ಕಿಲೋಮೀಟರ್ ಓಟದಿಂದಲೇ ಅದು ಶುರು. ಸೈನ್ಯ ಕೊಡುವ ಆರೋಗ್ಯದ ದರ್ಜೆ, ಅಂದರೆ ಮೆಡಿಕಲ್ ಕೆಟಗರಿ, ಇಳಿದರೆ ಬಡ್ತಿಗೆ ಪೆಟ್ಟು ಎಂದು ನೋವು ಮುಚ್ಚಿಟ್ಟುಕೊಂಡವರೂ ಇದ್ದಾರೆ. ಮನೆಗೆ ಬಂದ ಮೇಲೂ ಅದೇ ಅಭ್ಯಾಸ. ಒಳ್ಳೆಯದೆನಿಸಿದ ದಿನ ಇಡೀ ಹೊಲ ಮುಗಿಸುತ್ತಾರೆ, ಮುಂದಿನ ವಾರ ಹಾಸಿಗೆಯಲ್ಲೇ. ಇವರಿಗೆ ಬೇಕಿರುವುದು ಆಯಾಸ ಬರುವ ಮುಂಚೆಯೇ ನಿಲ್ಲುವ ಅಭ್ಯಾಸ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಹೆಂಡತಿ, ಅಣ್ಣತಮ್ಮಂದಿರು, ‘ಕಾಕಾ, ಇವತ್ತಿಗೆ ಸಾಕ್ರಿ’ ಎನ್ನುವ ಪಕ್ಕದ ಹೊಲದ ಹುಡುಗ, ಎಲ್ಲರೂ ಬೇಕು.

ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಎಲ್ಲೆಲ್ಲಿ ಪೋಸ್ಟಿಂಗ್, ಯಾವ ವರ್ಷ, ಕಾಲು ಮರಗಟ್ಟಿತ್ತೇ, ಸ್ಫೋಟದ ಹತ್ತಿರ ಇದ್ದಿರೇ, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತ್ತೇ, ಯಾವ ಜ್ವರದ ನಂತರ ಸುಸ್ತು ಶುರುವಾಯಿತು, ಈಗ ಹೊಲದಲ್ಲಿ ಯಾವ ಎಣ್ಣಿ ಹೊಡೆಯುತ್ತೀರಿ. ಎರಡು ವಾರ, ಯಾವ ದಿನ ಎಷ್ಟು ಕೆಲಸ ಮಾಡಿದಿರಿ, ಮರುದಿನ ಹೇಗಿತ್ತು ಎಂದು ಮನೆಯವರು ಬರೆದಿಟ್ಟರೆ ಇನ್ನೂ ಒಳ್ಳೆಯದು. ನಾಡಿ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಸೇರಿಸಿ, ‘ನಾರ್ಮಲ್’ ಎಂದ ಹಳೆಯ ಫೈಲಿನ ಮೇಲಿಟ್ಟು ಕೊಡಿ.