ಒಂದೇ ವೇದಿಕೆ, ಮೂರು ತಲೆಮಾರು: ಗಣಪತಿ ರಸಮಂಜರಿಯಲ್ಲಿ ಯಾರ ಹಾಡು ಯಾವಾಗ?

ಪ್ರಶ್ನೆ: ನಮ್ಮ ಬಡಾವಣೆಯ ಗಣೇಶೋತ್ಸವದ ಕೊನೆಯ ದಿನ ರಸಮಂಜರಿ ಇಡುತ್ತೇವೆ. ಹಿರಿಯರಿಗೆ ಪಿ.ಬಿ. ಶ್ರೀನಿವಾಸ್ ಬೇಕು, ಹುಡುಗರಿಗೆ ರ್‍ಯಾಪ್ ಬೇಕು. ಪ್ರತಿವರ್ಷ ಇದೇ ಜಗಳ. ಈ ಸಲ ಚಂದಾ ಜಾಸ್ತಿ ಎತ್ತಿ ಒಬ್ಬ ದೊಡ್ಡ ಗಾಯಕರನ್ನೇ ಕರೆಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ದೊಡ್ಡ ಹೆಸರಿನವರು ತಮ್ಮದೇ ವಾದ್ಯದವರನ್ನು ಕರೆತರುತ್ತಾರೆ. ಸಂಜೆಯ ಹೊತ್ತಿಗೆ ಅವರ ಸೌಂಡ್ ಚೆಕ್ ನಡೆಯಬೇಕು, ಸ್ಥಳೀಯ ತಂಡವನ್ನು ಇಳಿಸಿ ಅವರನ್ನು ಹತ್ತಿಸಲು ಇಪ್ಪತ್ತು ನಿಮಿಷ ವೇದಿಕೆ ಖಾಲಿ ನಿಲ್ಲುತ್ತದೆ. ಹಾಡುವುದು ಹೆಚ್ಚೆಂದರೆ ಒಂದು ಗಂಟೆ. ಚಂದಾ ಹಣ ಅಲ್ಲೇ ಮುಗಿದಿರುತ್ತದೆ, ಜಗಳ ಮಾತ್ರ ಮುಗಿದಿರುವುದಿಲ್ಲ. 2024ರ ಯುವ ದಸರಾವನ್ನೇ ನೋಡಿ. ಮೈಸೂರಿನ ಉತ್ತನಹಳ್ಳಿಯಲ್ಲಿ ಶ್ರೇಯಾ ಘೋಷಾಲ್, ರವಿ ಬಸ್ರೂರ್, ಬಾದ್‌ಷಾ, ಎ.ಆರ್. ರೆಹಮಾನ್, ಇಳಯರಾಜ ಎಲ್ಲರೂ ಬಂದರು. ಒಬ್ಬೊಬ್ಬರಿಗೆ ಒಂದೊಂದು ರಾತ್ರಿ. ('ಯುವ' ದಸರಾದಲ್ಲಿ 81ರ ಇಳಯರಾಜ! ಯಾರೂ ತಕರಾರು ಎತ್ತಲಿಲ್ಲ.) ನಿಮಗಿರುವುದು ಒಂದೇ ಸಂಜೆ.

ಮೊದಲು ಗಡಿಯಾರ ನೋಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಅನುಮತಿ ಪತ್ರ ಕೈಗೆ ಬರುವತನಕ ಅದನ್ನು ನಂಬಿಕೊಳ್ಳಬೇಡಿ. ಏಳಕ್ಕೆ ಶುರುವಾದರೆ ಇರುವುದು 180 ನಿಮಿಷ. ದೀಪ, ಭಾಷಣ, ಶಾಲು-ಹಾರಕ್ಕೆ 25. ಗಣ್ಯರು ತಡವಾಗಿ ಬಂದರೆಂದು ಇನ್ನೊಂದು 15. ಉಳಿಯಿತು 140. ಒಂದು ಹಾಡಿಗೆ ಐದು ನಿಮಿಷ, ನಿರೂಪಕರ ಮಾತು, ಮೈಕ್ ಬದಲಾವಣೆ ಸೇರಿ ಆರೂವರೆ ಹಿಡಿಯಿರಿ. ಲೆಕ್ಕ ಹಾಕಿದರೆ 21 ಹಾಡು. ಆರ್ಕೆಸ್ಟ್ರಾದವರು ಕೊಡುವ ನಲವತ್ತು ಹಾಡಿನ ಪಟ್ಟಿಯಲ್ಲಿ ಅರ್ಧ ಅಲ್ಲೇ ಬಿತ್ತು. ಹತ್ತು ಗಂಟೆಗೆ ಪೊಲೀಸರು ಬಂದು ನಿಲ್ಲಿಸುವ ಹಾಡು ಸಾಮಾನ್ಯವಾಗಿ ಹುಡುಗರದ್ದೇ ಆಗಿರುತ್ತದೆ. ಜಗಳ ಹುಟ್ಟುವುದು ಅಭಿರುಚಿಯಿಂದ ಅನ್ನುವುದಕ್ಕಿಂತ ಈ ಲೆಕ್ಕ ತಪ್ಪಿದ್ದರಿಂದ.

ಯಾರಿಗೆ ಯಾವ ಕಾಲದ ಹಾಡು ಎಂಬುದನ್ನು ಊಹಿಸುವುದು ಅಷ್ಟು ಕಷ್ಟವಲ್ಲ. ಅಮೆರಿಕದ ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ 1989ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಮಗೆ ಸುಮಾರು 24 ವಯಸ್ಸಾಗಿದ್ದಾಗ ಜನಪ್ರಿಯವಾಗಿದ್ದ ಹಾಡುಗಳ ಮೇಲೆಯೇ ಒಲವು ಹೆಚ್ಚು. ಎಪ್ಪತ್ತು ದಾಟಿದವರಿಗೆ ಅದು ರಾಜನ್-ನಾಗೇಂದ್ರರ ಕಾಲ. ಐವತ್ತೈದರ ಆಸುಪಾಸಿನವರಿಗೆ ಹಂಸಲೇಖ. ನಲವತ್ತರವರಿಗೆ ಮನೋಮೂರ್ತಿ, ಹರಿಕೃಷ್ಣ. ಇಪ್ಪತ್ತರವರಿಗೆ? ಅವರ ಹಾಡು ಇನ್ನೂ ಬರಬೇಕು! ಅದಕ್ಕೇ ಹಿರಿಯರ ಪಟ್ಟಿಯನ್ನು ಎರಡು ತಿಂಗಳು ಮೊದಲೇ ಬರೆದಿಡಬಹುದು, ಹುಡುಗರದ್ದನ್ನು ಹಬ್ಬಕ್ಕೆ ಹತ್ತು ದಿನವಿರುವಾಗ ಕೇಳಿ. ಜೂನ್‌ನಲ್ಲಿ ಬರೆದುಕೊಂಡ ರ್‍ಯಾಪ್ ಗಣೇಶ ಚೌತಿಯ ಹೊತ್ತಿಗೆ ಹಳಸಿರುತ್ತದೆ.

ಕ್ರಮ ಹೀಗಿರಲಿ: 7.40ರಿಂದ 8.25ರವರೆಗೆ ಹಿರಿಯರಿಗೆ ಏಳು ಹಾಡು. ಮಾತ್ರೆ, ಊಟ ಎಂದು ಅವರು ಎಂಟೂವರೆಗೆ ಏಳುವವರೇ. ಕೆಲಸ ಮುಗಿಸಿ ಹುಡುಗರು ಬರುವುದೂ ಆಗಲೇ. ಇಲ್ಲೊಂದು ಅಪಾಯವಿದೆ. ಕಾಲಾನುಕ್ರಮದಲ್ಲಿ ಸುಮ್ಮನೆ ಜೋಡಿಸಿದರೆ ಒಂದು ಗುಂಪು ಎದ್ದು ಹೋಗಿ, ಇನ್ನೊಂದು ಬರುವ ನಡುವೆ ಅರ್ಧ ಕುರ್ಚಿ ಖಾಲಿ. ಆ ಜಾಗಕ್ಕೆ, 8.25ರಿಂದ 9.05ರವರೆಗೆ, ಎರಡೂ ಕಡೆಯವರಿಗೆ ಬಾಯಿಪಾಠವಿರುವ ಆರು ಹಾಡು ಹಾಕಿ. ಅದಕ್ಕೆ ಶಿಶುನಾಳ ಷರೀಫರಷ್ಟು ಒದಗುವವರು ಬೇರೆ ಯಾರೂ ಇಲ್ಲ. ಹಿರಿಯರು ಆ ತತ್ವಪದಗಳನ್ನು ಸಿ. ಅಶ್ವತ್ಥ್ ದನಿಯಲ್ಲಿ ಕೇಳಿದವರು, ಕಿರಿಯರು ರಘು ದೀಕ್ಷಿತ್ ಗಿಟಾರಿನಲ್ಲಿ. ಒಂದು ಚರಣ ತಬಲಾ-ಹಾರ್ಮೋನಿಯಂನಲ್ಲಿ, ಮುಂದಿನದು ಡ್ರಮ್ಸ್ ಜೊತೆ ಹಾಡಿಸಿ, ಚಪ್ಪಾಳೆ ಎರಡೂ ಕಡೆಯಿಂದ ಬರುತ್ತದೆ. ಮಿಕ್ಕ ಐದರಲ್ಲಿ ಹಂಸಲೇಖ, ರಾಜ್‌ಕುಮಾರ್ ಹಾಡಿದ್ದು, ಒಂದು ಜಾನಪದ. 9.05ರಿಂದ ಎಂಟು ಹಾಡು ಹುಡುಗರಿಗೆ. ಹಿರಿಯ ತಾರೆಯನ್ನು ಎಲ್ಲಕ್ಕಿಂತ ಕೊನೆಗಿಡಲೇಬೇಕೆಂಬ ಹಟ ಬಿಡಿ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲೂ ಹಳೆ ತಲೆಗಳಿಗೆ ಭಾನುವಾರದ ಇಳಿಹೊತ್ತೇ ಮೀಸಲು. 2014ರಲ್ಲಿ ಅಮೆರಿಕದ ಹಿರಿಯ ಗಾಯಕಿ ಡಾಲಿ ಪಾರ್ಟನ್ ಹಾಡಿದ್ದು ಆ ಹೊತ್ತಿನಲ್ಲೇ.

ವಾದ್ಯದ ವಿಚಾರದಲ್ಲಿ ಜಿಪುಣತನ ಮಾಡಿದರೆ ಎರಡೂ ಕಡೆಯವರು ಸೋಲುತ್ತಾರೆ. ಬರೀ ಎರಡು ಕೀಬೋರ್ಡ್, ಒಂದು ರಿದಮ್ ಪ್ಯಾಡ್ ಇರುವ ತಂಡ ಅಗ್ಗ. ಆದರೆ ತಬಲಾ ಜೋಡಿಯ ಡಗ್ಗಾದ ಮೇಲೆ ಅಂಗೈ ಒತ್ತಿ ಎಳೆಯುವ ನಾದ ಪ್ಯಾಡಿನಿಂದ ಹೊರಡುವುದಿಲ್ಲ. ಹಳೆ ಹಾಡು ಸಪ್ಪೆಯಾಗುವುದು ಇಲ್ಲೇ. ತಬಲಾ-ಢೋಲಕ್‌ಗೆ ಒಬ್ಬರು, ಕೊಳಲಿಗೆ ಒಬ್ಬರು ಬೇಕೇ ಬೇಕು. ಹೊಸ ಹಾಡಿಗೆ ಇದರ ತದ್ವಿರುದ್ಧ: ಟ್ರ್ಯಾಕ್ (ಮೊದಲೇ ಮುದ್ರಿಸಿಟ್ಟ ಹಿನ್ನೆಲೆ ವಾದ್ಯಸಂಗೀತ) ಇಲ್ಲದೆ ಹಾಡಿದರೆ ಟೊಳ್ಳು. ಟ್ರ್ಯಾಕಿನ ಶ್ರುತಿ ಗಾಯಕರಿಗೆ ಹೊಂದುತ್ತದೆಯೇ ಎಂದು ಹಿಂದಿನ ದಿನವೇ ನೋಡಿ. ವೇದಿಕೆಯ ಮೇಲೆ ಶ್ರುತಿ ಇಳಿಸಲು ಹೊರಟರೆ ದನಿ ಗೊಗ್ಗರಾಗುತ್ತದೆ.

ಇನ್ನು ಸಬ್‌ವೂಫರ್, ಅಂದರೆ ತಗ್ಗು ನಾದವನ್ನು ಗುಡುಗಿಸುವ ದೊಡ್ಡ ಸ್ಪೀಕರ್. ವೇದಿಕೆಯ ಬುಡದಲ್ಲಿ ಅದನ್ನಿಟ್ಟು, ಗೌರವವೆಂದು ಹಿರಿಯರನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ. ಎದೆ ಗುದ್ದಿದಂತಾಗಿ ಅವರು ಎದ್ದು ಹೋಗುತ್ತಾರೆ, ಬೈಗುಳ ಹುಡುಗರ ಹಾಡಿಗೆ! ಅವರ ಕುರ್ಚಿಗಳನ್ನು ಮೂವತ್ತು ಅಡಿ ಹಿಂದೆ ಹಾಕಿ. ಕುಣಿಯುವವರಿಗೆ ಬಲಬದಿಯ ಜಾಗ ಬಿಡಿ. ಸಬ್‌ವೂಫರಿಗೆ ಬೇರೆಯೇ ಫೇಡರ್ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) ಇಡುವಂತೆ ಸೌಂಡಿನವರಿಗೆ ಹೇಳಿ. ಅದರೊಳಗೆ ಡ್ರಮ್ಸ್, ಬೇಸ್ ಗಿಟಾರ್, ಟ್ರ್ಯಾಕ್ ಮಾತ್ರ ಹೋಗಲಿ. ದನಿಯೂ ಅಲ್ಲಿ ಸೇರಿದರೆ ಸಾಹಿತ್ಯ ಗುಂಯ್‌ಗುಟ್ಟುತ್ತದೆ. ಲೈಟಿಗೂ ಸೌಂಡಿಗೂ ಒಂದೇ ವೈರಿನಿಂದ ಕರೆಂಟ್ ಕೊಡಬೇಡಿ, ಕೊಳಲಿನ ಹಿಂದೆ 'ಝುಂ' ಕೇಳುತ್ತಿರುತ್ತದೆ.

ಕೊನೆಗೆ, ಪ್ರೇಕ್ಷಕರು ಇಂಥ ಹಾಡು ಬೇಕೆಂದು ಬರೆದು ಕಳಿಸುವ ಚೀಟಿಗಳು. ಎಂಟೂ ಕಾಲಿನ ತನಕ ಬಂದ ಚೀಟಿಗಳನ್ನಷ್ಟೇ ತೆಗೆದುಕೊಳ್ಳಿ, 21ರಲ್ಲಿ ಮೂರು ಜಾಗವನ್ನು ಅವಕ್ಕೆಂದೇ ಬಿಟ್ಟಿರಿ, ಗುಂಪಿಗೆ ಒಂದರಂತೆ. ಒನ್ಸ್ ಮೋರ್ ಕೂಗಿದರೆ ಪಲ್ಲವಿ ಮಾತ್ರ ಮತ್ತೆ ಹಾಡಲಿ; ಇಡೀ ಹಾಡು ಎರಡನೇ ಸಲ ಎಂದರೆ ಕೊನೆಯ ಸಾಲಿನ ಹುಡುಗನೊಬ್ಬನ ಹಾಡು ಹೋಯಿತೆಂದೇ ಅರ್ಥ. ಚೀಟಿಗಳು ನಿರೂಪಕರ ಜೇಬಿನಲ್ಲಿ ಬೇಡ, ಸಮಿತಿಯ ಒಬ್ಬರು ಕೈಗಡಿಯಾರ ಕಟ್ಟಿಕೊಂಡು ವೇದಿಕೆಯ ಪಕ್ಕ ನಿಲ್ಲಲಿ.