ಜಮೈಕನ್ನರಿಗೆ ಹೆಸರು ಸಿಕ್ಕಿತು, ಕೆರಿಬಿಯನ್ನರಿಗೆ ಕಾಲಂ ಸಿಗಲಿಲ್ಲ

2010ರ ಅಮೆರಿಕದ ಜನಗಣತಿ ಫಾರಂನಲ್ಲಿ ಇದ್ದದ್ದು ಹತ್ತೇ ಪ್ರಶ್ನೆ. ಎಂಟನೆಯದು, ನೀವು ಹಿಸ್ಪಾನಿಕ್ (ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು) ಹೌದೋ ಅಲ್ಲವೋ ಅಂತ. ಒಂಬತ್ತನೆಯದು ಜನಾಂಗ ಯಾವುದು ಅಂತ. ಬಾರ್ಬಡೋಸ್‌ನಿಂದಲೋ ಜಮೈಕಾದಿಂದಲೋ ಬಂದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನೆಲೆಸಿದ ಕಪ್ಪು ಕುಟುಂಬಕ್ಕೆ ಅಲ್ಲಿದ್ದದ್ದು ‘ಬ್ಲ್ಯಾಕ್, ಆಫ್ರಿಕನ್ ಅಮೆರಿಕನ್ ಅಥವಾ ನೀಗ್ರೋ’ ಎಂಬ ಒಂದೇ ಚೌಕ. (ಹೌದು, ‘ನೀಗ್ರೋ’ ಎಂಬ ಪದ 2010ರಲ್ಲೂ ಅಚ್ಚಾಗಿತ್ತು.) ಮೂಲ ಯಾವುದೆಂದು ಬರೆಯಲು ಅದರ ಕೆಳಗೆ ಒಂದು ಗೆರೆಯೂ ಇರಲಿಲ್ಲ. ಅದೇ ಫಾರಂನಲ್ಲಿ ಕ್ಯೂಬನ್ನರಿಗೆ ಬೇರೆ ಚೌಕ, ಪೋರ್ಟೊರಿಕನ್ನರಿಗೆ ಬೇರೆ ಚೌಕ. ಎಲ್ಲವೂ ಕೆರಿಬಿಯನ್ ದ್ವೀಪಗಳೇ, ಅಲ್ವಾ?

ಈ ವ್ಯತ್ಯಾಸ ಸುಮ್ನೆ ಬಂದದ್ದಲ್ಲ. 1970ರಲ್ಲಿ ಸ್ಪ್ಯಾನಿಷ್ ಮೂಲದವರ ಬಗೆಗಿನ ಪ್ರಶ್ನೆಯನ್ನು ನೂರಕ್ಕೆ ಐದು ಮನೆಗಳಲ್ಲಿ ಮಾತ್ರ ಕೇಳಿದ್ದರು. 1976ರಲ್ಲಿ ಎಡ್ವರ್ಡ್ ರಾಯ್‌ಬಾಲ್ ಎಂಬ ಸಂಸದರ ಪ್ರಯತ್ನದಿಂದ, ಆ ಸಮುದಾಯದ ಅಂಕಿ ಅಂಶ ಕಲೆಹಾಕಲೇಬೇಕು ಎಂಬ ಕಾನೂನು ಬಂತು. 1980ರಿಂದ ಆ ಪ್ರಶ್ನೆ ಎಲ್ಲರ ಫಾರಂಗೂ ಏರಿತು. ಸ್ಪ್ಯಾನಿಷ್ ಆಡುವ ದ್ವೀಪಗಳು ಹೀಗೆ ಲೆಕ್ಕದೊಳಗೆ ಬಂದವು. ಇಂಗ್ಲಿಷ್ ಮತ್ತು ಕ್ರಿಯೋಲ್ ಆಡುವ ದ್ವೀಪಗಳು ಹೊರಗೆ ಉಳಿದವು.

ಅಮೆರಿಕದಲ್ಲಿರುವ ಕನ್ನಡಿಗರು ಇಂದು ಟಿಕ್ ಹಾಕುವ ‘ಏಷ್ಯನ್ ಇಂಡಿಯನ್’ ಚೌಕವೂ ಹೀಗೆ ಕೇಳಿ ಪಡೆದದ್ದೇ. 1970ರ ಗಣತಿ ಭಾರತೀಯರನ್ನು ಬಿಳಿಯರ ಜೊತೆ ಸೇರಿಸಿ ಎಣಿಸಿತ್ತು. ವಲಸಿಗರ ಸಂಘಟನೆಗಳು ಪಟ್ಟು ಹಿಡಿದ ಮೇಲೆ 1980ರಲ್ಲಿ ಬೇರೆ ಚೌಕ ಬಂತು.

ಹಾಗಾದರೆ ಕೆರಿಬಿಯನ್ ಜನರ ಲೆಕ್ಕವೇ ಇರಲಿಲ್ಲವೇ? ಇತ್ತು, ಆದರೆ ಬೇರೆ ದಾರಿಯಲ್ಲಿ. 1850ರಿಂದಲೇ ಹುಟ್ಟಿದ ದೇಶವನ್ನು ಕೇಳುತ್ತಿದ್ದರು. ಮುಂದೆ ಅಪ್ಪ ಅಮ್ಮ ಹುಟ್ಟಿದ ದೇಶವನ್ನೂ ಕೇಳಿದರು. 1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಶೆರ್ಲಿ ಚಿಶಮ್ ಹುಟ್ಟಿದ್ದು ಬ್ರೂಕ್ಲಿನ್‌ನಲ್ಲಿ. ತಾಯಿ ಬಾರ್ಬಡೋಸ್‌ನವರು, ತಂದೆ ಬ್ರಿಟಿಷ್ ಗಯಾನದವರು (ಇಂದಿನ ಗಯಾನ; ದಕ್ಷಿಣ ಅಮೆರಿಕದಲ್ಲಿದ್ದರೂ ಕೆರಿಬಿಯನ್ ಎಂದೇ ಎಣಿಕೆ). ಈ ಪ್ರಶ್ನೆಗಳಲ್ಲಿ ಅಂಥವರ ಮೂಲ ಗೊತ್ತಾಗುತ್ತಿತ್ತು. ಮೂರನೇ ತಲೆಮಾರಿಗೆ ಬಂದರೆ ಗುರುತೇ ಇಲ್ಲ. 1980ರಲ್ಲಿ ಅಪ್ಪ ಅಮ್ಮನ ಪ್ರಶ್ನೆಯನ್ನು ಕೈಬಿಟ್ಟು ‘ನಿಮ್ಮ ವಂಶದ ಮೂಲ ಯಾವುದು’ ಎಂದು ಕೇಳತೊಡಗಿದರು. ಅದೂ ಎಲ್ಲರಿಗಲ್ಲ. 2000ದಲ್ಲಿ ಆ ಉದ್ದನೆಯ ಫಾರಂ ಹೋದದ್ದು ಸುಮಾರು ಆರು ಮನೆಗಳಲ್ಲಿ ಒಂದಕ್ಕೆ. ಆಮೇಲೆ ಅದು ಹತ್ತು ವರ್ಷದ ಗಣತಿಯಿಂದಲೇ ಹೊರಬಿದ್ದು, ಪ್ರತಿವರ್ಷ ನಡೆಯುವ ಒಂದು ಮಾದರಿ ಸಮೀಕ್ಷೆಗೆ ಸೇರಿತು.

ಬ್ರಿಟನ್ ಇದನ್ನು ಬೇಗ ಬಗೆಹರಿಸಿತ್ತು. ಅಲ್ಲಿನ 1991ರ ಗಣತಿಯಲ್ಲೇ ‘ಬ್ಲ್ಯಾಕ್ ಕೆರಿಬಿಯನ್’ ಚೌಕ ಇತ್ತು.

ಅಮೆರಿಕದಲ್ಲಿ ಕೂಗು ಎದ್ದದ್ದು 2008ರಲ್ಲಿ. ಗಯಾನ ಮೂಲದ ಪತ್ರಕರ್ತೆ ಫೆಲಿಷಿಯಾ ಪರ್ಸಾದ್ ‘ಕ್ಯಾರಿಬ್‌ಐಡಿ 2010’ ಎಂಬ ಆಂದೋಲನ ಆರಂಭಿಸಿದರು. ಮರುವರ್ಷ ಬ್ರೂಕ್ಲಿನ್ ಸಂಸದೆ ಇವೆಟ್ ಕ್ಲಾರ್ಕ್ ಮಸೂದೆ ಮಂಡಿಸಿದರು. ಅವರ ಹೆತ್ತವರು ಜಮೈಕಾದವರು. ಕೆರಿಬಿಯನ್ ಮೂಲ ಎಂದು ಗುರುತಿಸಿಕೊಳ್ಳಲು ಫಾರಂನಲ್ಲಿ ಜಾಗ ಬೇಕು ಎನ್ನುವುದಷ್ಟೇ ಅದರ ಬೇಡಿಕೆ. ಮಸೂದೆ ಪಾಸಾಗಲಿಲ್ಲ. ಆಗ ‘ಇತರೆ ಜನಾಂಗ’ದ ಗೆರೆಯಲ್ಲಿ ನೀವೇ ಬರೆಯಿರಿ ಎಂದು ಆಂದೋಲನದವರು ಜನರಿಗೆ ಹೇಳಿದರು. ಲೆಕ್ಕ ಇಲ್ಲದಿದ್ದರೆ ಮತದಾರರೆಂದು ಯಾರೂ ಕೇಳುವುದಿಲ್ಲ, ವ್ಯಾಪಾರಿಗಳೂ ಲೆಕ್ಕಕ್ಕಿಡುವುದಿಲ್ಲ ಎಂಬುದು ಅವರ ವಾದ.

ಗಣತಿ ಇಲಾಖೆ ಬದಲಾಗಿದ್ದು 2020ರಲ್ಲಿ. ಬ್ಲ್ಯಾಕ್ ಚೌಕದ ಕೆಳಗೆ ಬರೆಯುವ ಗೆರೆ ಬಂತು. ಉದಾಹರಣೆಗಳಲ್ಲಿ ಜಮೈಕನ್, ಹೈಟಿಯನ್ ಎಂಬ ಹೆಸರುಗಳಿದ್ದವು. ‘ನೀಗ್ರೋ’ ಹೋಯಿತು. ಆನ್‌ಲೈನ್ ಫಾರಂ ಹೈಟಿಯನ್ ಕ್ರಿಯೋಲ್‌ನಲ್ಲೂ ಸಿಕ್ಕಿತು. 2023ರಲ್ಲಿ ವಿವರ ಹೊರಬಿದ್ದಾಗ ಜಮೈಕನ್ನರು ಸುಮಾರು 10 ಲಕ್ಷ, ಹೈಟಿಯನ್ನರೂ ಹೆಚ್ಚುಕಡಿಮೆ ಅಷ್ಟೇ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಮಾನದಂಡ ಇನ್ನೊಂದು ಹೆಜ್ಜೆ ಇಟ್ಟಿತು. ಹಿಸ್ಪಾನಿಕ್ ಪ್ರಶ್ನೆ, ಜನಾಂಗದ ಪ್ರಶ್ನೆ ಎರಡೂ ಸೇರಿ ಒಂದಾದವು. ಬ್ಲ್ಯಾಕ್ ಗುಂಪಿನೊಳಗೆ ಜಮೈಕನ್, ಹೈಟಿಯನ್ ಚೌಕಗಳು ಬಂದವು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಎಂಬ ಹೊಸ ಗುಂಪೂ ಬಂತು. ಇದನ್ನು ಜಾರಿಗೆ ತರಲು ಇಲಾಖೆಗಳಿಗೆ ಆಗ ಕೊಟ್ಟ ಗಡುವು ಐದು ವರ್ಷ.

ಗೆದ್ದರು ಅನ್ನೋಣವೇ? ನನಗೆ ಅರ್ಧ ಗೆಲುವು ಅನಿಸುತ್ತದೆ. ಕೇಳಿದ್ದು ಇಡೀ ಪ್ರದೇಶಕ್ಕೆ ಒಂದು ಹೆಸರು. ಸಿಕ್ಕಿದ್ದು ಎರಡು ದೇಶಗಳ ಹೆಸರು, ಅದೂ ಬಣ್ಣದ ಗುಂಪಿನೊಳಗೆ. ಪ್ರಶ್ನೆ ಬಿಗಿಯಾಗುವುದು ನ್ಯೂಯಾರ್ಕ್‌ನ ರಿಚ್‌ಮಂಡ್ ಹಿಲ್‌ನಲ್ಲಿ. ‘ಲಿಟಲ್ ಗಯಾನ’ ಎಂದು ಕರೆಯುವ ಈ ಜಾಗದಲ್ಲಿ 1838ರಿಂದ 1917ರವರೆಗೆ ಕೂಲಿ ಕರಾರಿನ ಮೇಲೆ ಕಲ್ಕತ್ತಾ, ಮದ್ರಾಸ್ ಬಂದರುಗಳಿಂದ ಗಯಾನದ ಕಬ್ಬಿನ ತೋಟಗಳಿಗೆ ಹೋದವರ ವಂಶದವರು ಬಹಳ ಮಂದಿ ಇದ್ದಾರೆ. ಹೋಳಿ ಹಬ್ಬಕ್ಕೆ ಇಲ್ಲಿ ದೊಡ್ಡ ಮೆರವಣಿಗೆ. ‘ಏಷ್ಯನ್ ಇಂಡಿಯನ್’ ಎಂದು ಟಿಕ್ ಹಾಕಿದರೆ ಇವರು ಹೈದರಾಬಾದಿನಿಂದ ಮೊನ್ನೆ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಜೊತೆ ಒಂದೇ ಸಾಲಿಗೆ ಬೀಳುತ್ತಾರೆ. ಗಯಾನ ಎಂದು ಬರೆಯಲು ‘ಬ್ಲ್ಯಾಕ್’ ಗುಂಪಿಗೆ ಹೋಗುವಂತಿಲ್ಲ. 2000ದಿಂದ ಒಂದಕ್ಕಿಂತ ಜಾಸ್ತಿ ಚೌಕಕ್ಕೆ ಟಿಕ್ ಹಾಕಬಹುದು, ನಿಜ. ಆದರೂ ಕ್ಯೂಬಾದವರು ಹಿಸ್ಪಾನಿಕ್ ಸಾಲಿನಲ್ಲಿ, ಜಮೈಕಾದವರು ಬ್ಲ್ಯಾಕ್ ಸಾಲಿನಲ್ಲಿ, ಗಯಾನದ ಭಾರತೀಯರು ಏಷ್ಯನ್ ಸಾಲಿನಲ್ಲಿ. ಇಷ್ಟನ್ನೂ ಕೂಡಿಸಿ ಕೆರಿಬಿಯನ್ ಎಂದು ತೋರಿಸುವ ಗುಂಪು 2024ರ ಮಾನದಂಡದಲ್ಲೂ ಇಲ್ಲ.